ನಮ್ಮ ಕ್ಲಬ್ಬು ಓಡಿದ್ದು

ತಾನು ಮೆಚ್ಚಿದ ತಂಡ ಗೆದ್ದಾಗ ಕುಣಿಯುವುದು, ಸೋತಾಗ ಊಟ ಬಿಡುವುದು, ಇವೆರಡು ಬಂದರೆ ಸಾಕು, ಮನುಷ್ಯ ಅಭಿಮಾನಿ ಎನಿಸಿಕೊಳ್ಳಬಹುದು. ನನ್ನ ಫಜೀತಿಯೇ ಬೇರೆ. ಬುದ್ಧಿ ಬಂದಾಗಿನಿಂದ ನಾನು ರಾಯಚೂರಿನ ಗಡಿಯಾಚೆ, ತೆಲುಗು ಸೀಮೆಯ ಮಕ್ತಲ್‌ನ ತಾರಾ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ. ಆ ಕ್ಲಬ್ಬು ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಫೈನಲ್ ತನಕ ಹೋಗಿತ್ತು. ಆ ಫೈನಲ್‌ನಲ್ಲಿ ಗೆದ್ದಿತೋ ಸೋತಿತೋ ಎಂಬುದು ಮೊನ್ನೆ ಮೊನ್ನೆಯವರೆಗೆ ನನಗೆ ಗೊತ್ತಿರಲಿಲ್ಲ. ಕುಣಿಯಬೇಕೋ ಊಟ ಬಿಡಬೇಕೋ ತಿಳಿಯದೆ, ಊಟ ಮಾಡುತ್ತಲೇ ಇಷ್ಟು ವರ್ಷ ಕಳೆದಿದ್ದೇನೆ. ನನ್ನ ಹೊಟ್ಟೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಾನಿರುವುದು ನಾರಾಯಣಪೇಟೆಯಲ್ಲಿ. ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಊರವರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವವನಿಗೆ ತನ್ನ ಕ್ಲಬ್ಬಿನ ಚರಿತ್ರೆಯೇ ಮಸುಕು ಎಂದು ಹೆಂಡತಿ ಆಗಾಗ ಚುಚ್ಚುತ್ತಾಳೆ. ಎಲ್ಲರೂ ಕ್ರಿಕೆಟ್ಟಿಗೆ ಪ್ರಾಣ ಬಿಡುವ ಈ ಸೀಮೆಯಲ್ಲಿ ಫುಟ್‌ಬಾಲ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಿಜಾಮರ ಕಾಲದ ಯಾವನೋ ತಹಸೀಲ್ದಾರ ವರ್ಗವಾಗಿ ಹೋಗುವಾಗ ಒಂದು ಚೆಂಡು ಮರೆತು ಬಿಟ್ಟುಹೋದನಂತೆ. ಅವನು ಬಂದು ಕೇಳಿದರೆ ಕೊಡೋಣ ಎಂದು ಕಾದು ಕಾದು, ಸುಮ್ಮನೆ ಕಾಯುವುದೇಕೆ ಎಂದು ಒದೆಯತೊಡಗಿದರಂತೆ. ಅದೇ ನಮ್ಮ ಕ್ಲಬ್ಬಿನ ಸ್ಥಾಪನೆ. ಆಮೇಲೆ ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು, ಅಂಗಿಯ ಬಣ್ಣ ಹಸಿರಿನಿಂದ ಹಳದಿಗೆ, ಹಳದಿಯಿಂದ ಸಿಮೆಂಟ್ ಅಂಗಡಿಯವನು ಪುಕ್ಕಟೆ ಕೊಟ್ಟ ಬೂದಿ ಬಣ್ಣಕ್ಕೆ ಬಂತು. ಆಟ ಮಾತ್ರ ಬದಲಾಗಲಿಲ್ಲ. ಚೆಂಡು ಎಲ್ಲಿದೆಯೋ ಅಲ್ಲಿಗೆ ಇಡೀ ತಂಡ ಹೋಗುವುದು, ಅಷ್ಟರಲ್ಲಿ ಚೆಂಡು ಬೇರೆ ಕಡೆ ಹೋಗಿರುವುದು.

ನಮ್ಮ ಮಾತಿನದೂ ಇದೇ ಹಣೆಬರಹ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಜಗಳಕ್ಕೆ ಉರ್ದು. ಮೈದಾನದಲ್ಲಿ ಯಾರಾದರೂ 'ಗೋಲ್' ಎಂದು ಕೂಗಿದರೆ ಉರ್ದುವಿನವರಿಗೆ ಅದು ಬರೀ ದುಂಡಗಿನದು, ತೆಲುಗಿನವರಿಗೆ ಗೋಲ ಎಂದರೆ ಗದ್ದಲ, ಕನ್ನಡದವರಿಗೆ ಕೇಳಿಸುವುದು ಗೋಳು. ನಮ್ಮ ಕ್ಲಬ್ಬಿನ ಆಟದಲ್ಲಿ ಇವೆಲ್ಲ ಧಾರಾಳವಾಗಿ ಇರುತ್ತಿದ್ದವು. ನಿಜವಾದ ಗೋಲು ಮಾತ್ರ ಅಪರೂಪ. ಆದರೆ ನಮ್ಮನ್ನು ಹಾಳು ಮಾಡಿದ್ದು ಗೋಲು ಅಲ್ಲ, ಇನ್ನೊಂದು ಪದ. ತೆಲುಗಿನಲ್ಲಿ 'ಓಡುವುದು' ಅಂದರೆ ಸೋಲುವುದು. ಕನ್ನಡದಲ್ಲಿ ಓಡುವುದು ಅಂದರೆ ಓಡುವುದೇ. ಇದು ಚಿಕ್ಕ ವಿಷಯ ಎಂದು ನಿಮಗನ್ನಿಸಿದರೆ ನೀವು ಪುಣ್ಯವಂತರು, ನೀವು ಯಾವ ಕ್ಲಬ್ಬಿನ ಅಭಿಮಾನಿಯೂ ಅಲ್ಲ.

ಆ ಫೈನಲ್ ನಡೆದದ್ದು ಗದ್ವಾಲದಲ್ಲಿ, ಗದ್ವಾಲದವರ ಮೇಲೆಯೇ. ನಾನಾಗ ಚಿಕ್ಕವನು. ಮಂಗನಬಾವು ಬಂದು ಎರಡೂ ಕೆನ್ನೆ ಚೆಂಡಿನ ಹಾಗೆ ಊದಿದ್ದರಿಂದ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಅತ್ತೂ ಅತ್ತೂ ಸಾಕಾಗಿ, ಸಂಜೆ ಸುದ್ದಿಗಾಗಿ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ನಿಂತೆ. ಅರ್ಧ ಊರೇ ಅಲ್ಲಿತ್ತು. ಬಸ್ಸು ಬಂತು. ತೆಲುಗಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಲೇ ಕೂಗಿದ: "ಮನೋಳ್ಳು ಓಡಿಪೋಯಿನ್ರು!"

ಪಾಪ, ನಮ್ಮವರು ಸೋತರು ಎಂದು ಅವನು ಹೇಳಿದ್ದು. ಚಹಾದ ಅಂಗಡಿಯ ಕಡೆಯಿಂದ ಕನ್ನಡದ ಗಂಟಲೊಂದು ಅದನ್ನು ಎತ್ತಿಕೊಂಡು ಊರಿಗೆಲ್ಲ ಸಾರಿತು: "ಓಡಿ ಹೋದ್ರಂತ್ರೀ! ಆಟ ಬಿಟ್ಟು ಓಡಿ ಹೋದ್ರಂತ!"

ಮರುದಿನ ನಮ್ಮ ಆಟಗಾರರು ಬಂದರು. ಗದ್ವಾಲದ ಬಸ್ಸಿನಲ್ಲಲ್ಲ, ರಾಯಚೂರಿನ ಬಸ್ಸಿನಲ್ಲಿ! ಗದ್ವಾಲಕ್ಕೆ ಹೋದವರು ರಾಯಚೂರಿನಿಂದ ಯಾಕೆ ಬಂದರು ಎಂದು ಊರು ಕಣ್ಣು ಕಿರಿದು ಮಾಡಿ ನೋಡಿತು. ಎಲ್ಲರಿಗಿಂತ ಕೊನೆಗೆ ಇಳಿದವನು ಗೋಲ್‌ಕೀಪರ್ ಸಿದ್ದಣ್ಣ. ಅವನ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಏನೋ ಇತ್ತು. ಟವೆಲು ಸರಿದಾಗ ಹೊಳೆಯಿತು. ಗೆದ್ದವರಿಗೆ ಕೊಡುವ ಕಪ್ಪು!

ನೀವೇ ಹೇಳಿ. ಸೋತಿದ್ದರೆ ಕಪ್ಪು ಹೇಗೆ ಬಂತು? ಗೆದ್ದಿದ್ದರೆ ಕಳ್ಳದಾರಿಯಲ್ಲಿ ಯಾಕೆ ಬಂದರು? ಸಿದ್ದಣ್ಣನನ್ನು ಕೇಳಿದರೆ "ಹೋಗ್ಲಿ ಬಿಡ್ರಿ" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ಆಮೇಲೆ ಅವನು ಹಿಟ್ಟಿನ ಗಿರಣಿ ಹಾಕಿದ. ಕಪ್ಪು ಗಿರಣಿಯ ಗೂಡಿನಲ್ಲಿ ಬೆಳ್ಳಗೆ ಹಿಟ್ಟು ಮೆತ್ತಿಕೊಂಡು ಕೂತಿತು. ಊರಿನಲ್ಲಿ ಸಿದ್ದಣ್ಣಗಳು ಬಹಳ ಜನ ಇದ್ದುದರಿಂದ ಇವನು 'ಓಡಿಹೋದ ಸಿದ್ದಣ್ಣ' ಆದ. ಮೊದಮೊದಲು ಗೇಲಿಗೆ ಕರೆದರು, ಬರಬರುತ್ತಾ ಅದೇ ಮನೆತನದ ಹೆಸರಿನಂತೆ ಆಯಿತು. ಮದುವೆಯ ಕಾರ್ಡಿನ ಮೇಲೆ ಕೂಡ ಬಹಳ ಮರ್ಯಾದೆಯಿಂದ 'ಓಡಿಹೋದ ಸಿದ್ದಣ್ಣನವರಿಗೆ' ಎಂದು ಬರೆಯುತ್ತಿದ್ದರು. ನಾನಂತೂ ತೆಲುಗಿನವರ ಜೊತೆ ಕೂತಾಗ ಸೋತೆವು ಎಂದು ನಂಬಿ, ಗಿರಣಿಗೆ ಹೋದಾಗ ಕಪ್ಪು ನೋಡಿ ಗೆದ್ದೆವು ಎಂದು ಬೀಗಿ, ಮನೆಗೆ ಬಂದು ಏನೂ ತಿಳಿಯದೆ ಮಲಗಿಕೊಳ್ಳುತ್ತಿದ್ದೆ.

ಹೀಗೇ ನಡೆದುಹೋಗುತ್ತಿತ್ತು. ಆದರೆ ಒಂದು ದಿನ ಸಿದ್ದಣ್ಣ ನಾರಾಯಣಪೇಟೆಗೆ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತ. ಕಣ್ಣು ತೋರಿಸಲು ಬಂದಿರಬೇಕು ಅಂದುಕೊಂಡೆ. ಅವನ ಕಣ್ಣಲ್ಲಿ ನೀರಿತ್ತು.

"ತಮ್ಮಾ, ನಮ್ಮ ಮೊಮ್ಮಗಳಿಗಿ ಮಲ್ದಕಲ್‌ದಾಗ ಚೊಲೋ ಸಂಬಂಧ ಕೂಡಿ ಬಂದೈತಿ. ನಿನ್ನಿ ಬೀಗರು ಮನಿ ನೋಡಾಕ ಬಂದಿದ್ರು. ಎಲ್ಲಾ ಕೇಳಿ ಹೊಂಡುಮುಂದ ಹುಡುಗನ ಅಪ್ಪ ಏನ್ ಕೇಳಿದ ಗೊತ್ತೇನು?"

"ಏನ್ ಕೇಳಿದ್ರು ಸಿದ್ದಣ್ಣ?"

"'ನೀವು ಹರೇದಾಗ ಯಾರ ಜೋಡಿ ಓಡಿಹೋಗಿದ್ರಿ?' ಅಂದ."

ನಾನು ನಗಬಾರದಿತ್ತು. ನಕ್ಕೆ. ಸಿದ್ದಣ್ಣ ನಗಲಿಲ್ಲ. "ಆ ಹುಡುಗಿ ಒಳಗ ಕೂತು ಅಳಾಕತ್ತೈತಿ. ಹೆಂಗಾರ ಮಾಡಿ ಈ ಹೆಸರು ತಗಸು ತಮ್ಮಾ. ನೀ ಸಭಾದಾಗ ಮಾತಾಡಾಂವ" ಎಂದ. ಒಂದು ಪದವನ್ನು ತಪ್ಪಾಗಿ ಕೇಳಿಸಿಕೊಂಡದ್ದಕ್ಕೆ ಒಬ್ಬನ ಮೊಮ್ಮಗಳ ಮದುವೆ ನಿಲ್ಲುವುದೇ? ನನಗೆ ನಿಜವಾಗಿ ಸಂಕಟವಾಯಿತು. ನಿಜ ಏನು ಎಂದು ಕೇಳಿದರೆ ಮಾತ್ರ ಪುಣ್ಯಾತ್ಮ ಮತ್ತೆ "ಹೋಗ್ಲಿ ಬಿಡು" ಎಂದ.

ದೇವರು ದಾರಿ ತೋರಿಸಿದ ಹಾಗೆ ಅದೇ ವಾರ ಗದ್ವಾಲದ ಕ್ಲಬ್ಬಿನವರು ನಮ್ಮ ಹುಡುಗರನ್ನು ಸ್ನೇಹಪಂದ್ಯಕ್ಕೆ ಕರೆದರು. ಆಟಕ್ಕೆ ಮುಂಚೆ ಹಳೆಯ ಆಟಗಾರರಿಗೆ ಸನ್ಮಾನ, ಕ್ಲಬ್ಬಿನ ಚರಿತ್ರೆಯ ಬಗ್ಗೆ ನನ್ನದೊಂದು ಭಾಷಣ. ಮಲ್ದಕಲ್ ಅಲ್ಲಿಗೆ ಹತ್ತಿರ, ಹಾಗಾಗಿ ಬೀಗರನ್ನೂ ಬರಹೇಳಿದೆವು. ಸಿದ್ದಣ್ಣನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ತೊಳೆದು ಒರೆಸಿದ ಕಪ್ಪು ಅವನ ತೊಡೆಯ ಮೇಲಿತ್ತು.

ವೇದಿಕೆಯ ಮೇಲೆ ಗದ್ವಾಲದ ಆ ಕಾಲದ ಕ್ಯಾಪ್ಟನ್ ನರಸಿಂಹುಲು ಕೂತಿದ್ದರು. ಹಲ್ಲಿಲ್ಲದ ಬಾಯಿ, ಆದರೆ ದನಿ ಮಾತ್ರ ಸೀಟಿ ಹೊಡೆದಂತೆ. ನಾನು ಎದ್ದು, ಗಂಟಲು ಸರಿಮಾಡಿಕೊಂಡು, ಯಾರಿಗೂ ನೋವಾಗದಂತೆ "ಅಂದು ತಾರಾ ಕ್ಲಬ್ಬು ಓಡಿತು" ಎಂದೆ. ಗದ್ವಾಲದವರು ತಮ್ಮ ಗೆಲುವಿಗೆ ಚಪ್ಪಾಳೆ ಹೊಡೆದರು, ಮಕ್ತಲ್‌ನವರು ತಮ್ಮ ಕಾಲಿನ ವೇಗಕ್ಕೆ. ಮುಂದಿನ ಸಾಲಿನಲ್ಲಿದ್ದ ಮಲ್ದಕಲ್ಲಿನ ಬೀಗರು ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಸಿದ್ದಣ್ಣನ ಕಡೆ ನೋಡಿದರು. ನನ್ನ ಜಾಣತನ ನನಗೇ ತಿರುಗಿತು.

ಆಗ ನರಸಿಂಹುಲು ನನ್ನ ಕೈಯಿಂದ ಮೈಕು ಕಿತ್ತುಕೊಂಡರು. "ಅಯ್ಯಾ, ನೀವು ಕೂಡ್ರಿ. ಅವತ್ತು ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಆಟ ಮುಗಿದ್ರ ಅಲ್ಲೇನ್ರೀ?"

ಅವರು ಹೇಳಿದ್ದು ಇಷ್ಟು. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುತ್ತ ಬಂದಿತ್ತು. ಗೋಲಿನಲ್ಲಿ ನಿಂತ ಸಿದ್ದಣ್ಣ ತನ್ನ ಹುಡುಗರನ್ನು ಹುರಿದುಂಬಿಸಲು "ಓಡ್ರೋ! ಓಡ್ರೋ!" ಎಂದು ಕೂಗಿದ. ಗದ್ವಾಲದ ಜನ ಅದನ್ನು ತೆಲುಗಿನಲ್ಲಿ ಕೇಳಿಸಿಕೊಂಡರು. ಗೋಲ್‌ಕೀಪರೇ ಸೋಲು ಒಪ್ಪಿಕೊಂಡ ಎಂದು ಸಂತೋಷದಿಂದ "ಓಡಿನ್ರು! ಓಡಿನ್ರು!" ಎನ್ನುತ್ತ ಮೈದಾನಕ್ಕೆ ನುಗ್ಗಿದರು. ನಮ್ಮ ಹುಡುಗರಿಗೆ ತೆಲುಗು ಬರುತ್ತಿರಲಿಲ್ಲ ಎಂದಲ್ಲ. ಆದರೆ ಹೆದರಿದಾಗ ಮನುಷ್ಯನ ಕಿವಿಗೆ ತಾಯಿಯ ಭಾಷೆಯೊಂದೇ ಗೊತ್ತಿರುತ್ತದೆ. ಇಡೀ ಊರು ಮೈಮೇಲೆ ಬರುತ್ತ ಓಡಿ ಎನ್ನುತ್ತಿದೆ ಎಂದು ತಿಳಿದು ಓಡಿದರು, ಸಿಕ್ಕ ಲಾರಿ ಹತ್ತಿದರು. ಅದು ರಾಯಚೂರಿನ ಲಾರಿ.

"ಮತ್ತ ಕಪ್ಪು?" ಎಂದು ಬೀಗರು ಕೂತಲ್ಲಿಂದಲೇ ಕೇಳಿದರು.

ಸಿದ್ದಣ್ಣ ಮೊದಲ ಸಲ ಬಾಯಿ ಬಿಟ್ಟ. "ಗದ್ದಲದಾಗ ಟೇಬಲ್ಲು ಬಿತ್ತು. ಕಪ್ಪು ಉಳ್ಳಕೊಂತ ನನ್ನ ಕಡೆ ಬಂತು. ಉಳ್ಳಕೊಂತ ಬಂದದ್ದನ್ನ ಹಿಡಿಯೋದ ನನ್ನ ಕೆಲಸ ಅಲ್ಲೇನ್ರೀ? ಹಿಡದೆ."

ತಾರಾ ಕ್ಲಬ್ಬಿನ ಗೋಲ್‌ಕೀಪರನೊಬ್ಬ ತನ್ನ ಕಡೆ ಬಂದದ್ದನ್ನು ಸರಿಯಾಗಿ ಹಿಡಿದ ಉದಾಹರಣೆ ನನಗೆ ತಿಳಿದ ಹಾಗೆ ಅದೊಂದೇ. ಬೀಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಕಪ್ಪಿನ ಜೋಡಿ ಓಡಿದ್ರೇನು? ಹಂಗಾರ ನಮ್ಮದೇನೂ ಅಡ್ಡಿ ಇಲ್ಲರೀ" ಎಂದರು. ಸಿದ್ದಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅವನು ನಗುತ್ತಿದ್ದನೋ ಅಳುತ್ತಿದ್ದನೋ, ಅದೂ ನನಗೆ ತಿಳಿಯಲಿಲ್ಲ.

ಅಂದು ಅರ್ಧಕ್ಕೆ ನಿಂತ ಆಟವನ್ನು ಇಂದಿನ ಹುಡುಗರು ಮುಗಿಸಲಿ, ಗೆದ್ದವರಿಗೆ ಕಪ್ಪು ಎಂದು ಹಿರಿಯರಿಬ್ಬರೂ ಕೈ ಕೈ ಹಿಡಿದು ಒಪ್ಪಿಕೊಂಡರು. ನನಗೂ ಸಮಾಧಾನವಾಯಿತು. ಇನ್ನು ಗೆದ್ದರೆ ಗೆದ್ದೆವು, ಸೋತರೆ ಸೋತೆವು, ಗೊಂದಲ ಮುಗಿಯಿತು. ಆಟ ನಡೆಯಿತು. ಮತ್ತೆ ಎರಡೂ ಕಡೆ ಗೋಲಿಲ್ಲ. ಇನ್ನೇನು ಸೀಟಿ ಊದಬೇಕು, ನಮ್ಮ ಫಾರ್ವರ್ಡ್ ಹುಡುಗನಿಗೆ ಚೆಂಡು ಸಿಕ್ಕಿತು. ಎದುರಿಗೆ ಗದ್ವಾಲದ ಗೋಲ್‌ಕೀಪರ್ ಒಬ್ಬನೇ. ಇಷ್ಟು ವರ್ಷ ಕಾದ ಗಳಿಗೆ! ಎದ್ದು ನಿಂತು ಕೂಗಿದೆ: "ಓಡೋ! ಓಡೋ!"

ಹುಡುಗ ತೆಲುಗಿನವನು. ಗಕ್ಕನೆ ನಿಂತುಬಿಟ್ಟ. ತಿರುಗಿ ನನ್ನತ್ತ ನೋಡಿ, ಮುಖದ ತುಂಬ ದುಃಖ ಮಾಡಿಕೊಂಡು "ಎಂದುಕು ಓಡಾಲಿ ಸಾರ್?" ಎಂದು ಕೇಳಿದ. ನಾನ್ಯಾಕೆ ಸೋಲಬೇಕು ಎಂದು! ಓಡು ಎನ್ನುವುದಕ್ಕೆ ಅವರ ಮಾತಿನಲ್ಲಿ 'ಉರುಕು' ಎನ್ನಬೇಕೆಂದು ನನಗೆ ಗೊತ್ತಿಲ್ಲವೇ? ದಿನಾ ಬಜಾರಿನಲ್ಲಿ ಆಡುವ ಮಾತು. ಅಷ್ಟರಲ್ಲಿ ಗದ್ವಾಲದವರು ಚೆಂಡು ಕಸಿದುಕೊಂಡು ಹೋಗಿ ನಮ್ಮ ಗೋಲಿಗೆ ಹಾಕಿಯೂ ಬಿಟ್ಟಿದ್ದರು. ಸೀಟಿ ಮೊಳಗಿತು. ಮೈಕು ಗುಡುಗಿತು: "ಮಕ್ತಲ್ ಓಡಿಪೋಯಿಂದಿ!"

ಪಕ್ಕಕ್ಕೆ ತಿರುಗಿ ನೋಡಿದರೆ ಸಿದ್ದಣ್ಣನ ಕುರ್ಚಿ ಖಾಲಿ. ಹಳೆಯ ಕಿವಿ, ಹಳೆಯ ಅಭ್ಯಾಸ. ಕಪ್ಪು ಕಂಕುಳಲ್ಲಿ ಅವಚಿಕೊಂಡು ಮೈದಾನದ ಬಾಗಿಲು ದಾಟುತ್ತಿದ್ದ. ಹಿಂದೆ ನರಸಿಂಹುಲು "ನಿಲ್ಲೋ ಸಿದ್ದಾ, ನಿಲ್ಲೋ!" ಎಂದು ಕೂಗುತ್ತ, ನಗು ತಡೆಯಲಾರದೆ ಕೆಮ್ಮುತ್ತಿದ್ದರು. ನಮ್ಮ ಬೂದಿ ಅಂಗಿಯ ಹುಡುಗರು ನನ್ನ ಕಡೆ ಬರುತ್ತಿದ್ದರು. ಅವರು ನಗುತ್ತಿರಲಿಲ್ಲ. ನಾನು ಹೆಚ್ಚು ಯೋಚಿಸದೆ ಸ್ಕೂಟರಿಗೆ ಒದ್ದೆ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಏನಾತ್ರೀ? ಗೆದ್ರೋ, ಸೋತ್ರೋ?"

"ಓಡಿದ್ವಿ" ಎಂದೆ. ಯಾವ ಭಾಷೆಯಲ್ಲಿ ಎಂದು ಅವಳು ಕೇಳಲಿಲ್ಲ. ಇನ್ನೂ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎರಡೂ ಅನ್ರಿ" ಎಂದು ಒಳಗೆ ಹೋಗಿ ಊಟಕ್ಕೆ ಬಡಿಸಿದಳು.