ಕುರಿಹಟ್ಟಿಯ ಕ್ಯಾಮೆರಾಗೆ ಅಡ್ಡ ನಿಂತ ಫೈರ್‌ವಾಲ್

ಕಂಪ್ಯೂಟರು ಏನಾದರೂ ಕೇಳಿದರೆ ಓದದೆಯೇ ‘ಬೇಡ’ ಎಂದು ಒತ್ತಿಬಿಡುವುದು ನನ್ನ ಸ್ವಭಾವ. ಗೋಕಾಕದ ಪೇಟೆಯಲ್ಲಿ ‘ಬರ್ರಿ ಸಾಹೇಬ್ರ, ಒಳಗ ಬರ್ರಿ’ ಎಂದು ಕರೆಯುವ ಅಂಗಡಿಯವರಿಗೂ ನಾನು ತಿರುಗಿ ನೋಡದೆ ಕೈಯಾಡಿಸುತ್ತಲೇ ನಡೆಯುತ್ತೇನೆ. ಹಾಗೆ ಒಮ್ಮೆ ಸ್ವಂತ ಸೋದರಮಾವನಿಗೇ ಕೈಯಾಡಿಸಿ ಮುಂದೆ ಹೋದದ್ದುಂಟು.

ಮಸಗುಪ್ಪಿಯಲ್ಲಿ ನಮ್ಮ ಮನೆಯ ಹಿಂದೆಯೇ ಕುರಿಹಟ್ಟಿ. ಹೆಂಡತಿ ಕಸ್ತೂರಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದಿದ್ದಳು. ಅವಳು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಕುರಿಗೆ ದಿನ ತುಂಬಿತ್ತು; ಹಿಂದಿನ ಸಲ ಅದರ ಮರಿ ಉಳಿದಿರಲಿಲ್ಲ. ‘ಅದು ಅಲ್ಲಿ ಒದ್ದಾಡಾಕತ್ರ ನಾ ಇಲ್ಲಿ ಹ್ಯಾಂಗ ಮಲಗ್ಲಿ?’ ಎಂದು ಕಣ್ಣೊರೆಸಿಕೊಂಡಳು. ನಾನು ಹಟ್ಟಿಗೊಂದು ಕ್ಯಾಮೆರಾ ಕಟ್ಟಿ, ಅದನ್ನು ತೋರಿಸುವ ಪ್ರೋಗ್ರಾಂ ಒಂದನ್ನು ಅವಳ ಮಂಚದ ಪಕ್ಕದ ಕಂಪ್ಯೂಟರಿಗೆ ಹಾಕಿದೆ. ಶುರುವಾಗುತ್ತಲೇ ಅದು ಏನೋ ಕೇಳಿತು. ‘ಬೇಡ’ ಎಂದು ಒತ್ತಿದೆ. ಪರದೆ ಕಪ್ಪಗೇ ಉಳಿಯಿತು.

ಅಷ್ಟರಲ್ಲಿ ಹಟ್ಟಿಯಿಂದ ನನ್ನ ಕಾಕಾ ನಾಗಪ್ಪನ ಕೂಗು: ‘ಕುರಿ ಈಯಾಕತ್ತೈತಿ!’

ವೈರು ಕಿತ್ತು ಸಿಕ್ಕಿಸಿದೆ. ಬಂದ್ ಮಾಡಿ ಚಾಲೂ ಮಾಡಿದೆ. ಏನೂ ತಪ್ಪು ಮಾಡದ ಮೌಸಿಗೆ ಬೈದೆ.

‘ಸುರುವಿಗೆ ಅದೇನೋ ಕೇಳ್ತಲ್ರಿ, ಏನಂದ್ರಿ ಅದಕ್ಕ?’ ಎಂದಳು ಕಸ್ತೂರಿ.

‘ಬ್ಯಾಡ ಅಂದೆ.’

‘ಏನು ಬ್ಯಾಡ?’

ಅದು ನನಗೂ ಗೊತ್ತಿರಲಿಲ್ಲ! ಸೆಟ್ಟಿಂಗ್ಸಿನಲ್ಲಿ ತಡಕಾಡಿದಾಗ ಗುಟ್ಟು ಬಯಲಾಯಿತು. ‘ಈ ಪ್ರೋಗ್ರಾಂ ಹೊರಗಿನವರೊಡನೆ ಮಾತಾಡಬಹುದೇ?’ ಎಂದು ಕಂಪ್ಯೂಟರಿನ ಕಾವಲುಗಾರ ಫೈರ್‌ವಾಲ್ ಕೇಳಿತ್ತು. ನಾನು ಬೇಡ ಅಂದದ್ದೇ ತಡ, ಕ್ಯಾಮೆರಾದ ದಾರಿಗೆ ಅಗಳಿ ಹಾಕಿಬಿಟ್ಟಿತ್ತು. ಪ್ರೋಗ್ರಾಂನ ಹೆಸರು ಹುಡುಕಿ, ಅನುಮತಿಯ ಗುರುತು ಹಾಕಿ ಒತ್ತಿದೆ.

ಬಂತು! ಹಟ್ಟಿ, ಕುರಿ, ಕಾಕಾ, ದನಿ ಸಮೇತ! ‘ನಮ್ಮಂವಾ ಎಲ್ಲಿ ಬರ್ತಾನ, ಆ ಡಬ್ಬಿ ಮುಂದ ಕುಂತಿರ್ತಾನ’ ಎಂದು ಕಾಕಾ ಕುರಿಗೆ ಹೇಳುತ್ತಿದ್ದ. ನಾನು ಸಿಟ್ಟಾಗುವಷ್ಟರಲ್ಲಿ ಮರಿ ಜಾರಿ ಬಿತ್ತು. ಮಿಸುಕಲಿಲ್ಲ.

‘ಮಾವಾರ, ಮೂಗು ಒರಸ್ರಿ! ಹುಲ್ಲಿಲೆ ಮೈ ತಿಕ್ರಿ!’ ಕಸ್ತೂರಿ ಕಂಪ್ಯೂಟರಿನ ಮೈಕಿಗೆ ಬಾಯಿ ಹಚ್ಚಿ ಕಿರುಚಿದಳು. ತಲೆಯ ಮೇಲಿನ ಕ್ಯಾಮೆರಾದಿಂದ ಸೊಸೆಯ ದನಿ ಕೇಳಿ ಕಾಕಾ ಬೆಚ್ಚಿಬಿದ್ದ, ಆದರೂ ತಿಕ್ಕಿದ. ತಿಕ್ಕುತ್ತಲೇ ಇದ್ದ. ಮರಿ ಸೀನಿತು! ಕಾಲು ಝಾಡಿಸಿ ‘ಮ್ಯಾ’ ಎಂದಿತು! ನಾನು ಕುಣಿದೆ. ಕಸ್ತೂರಿ ಅತ್ತಳು, ನಕ್ಕಳು, ಅದೇ ಉಸಿರಿನಲ್ಲಿ ದಡ್ಡಿ ಊರಿನ ತವರಿಗೆ ಫೋನ್ ಹಚ್ಚಿದಳು.

ಮರಿ ಈಗ ಹಟ್ಟಿ ತುಂಬ ಜಿಗಿದಾಡುತ್ತಿದೆ. ಕಸ್ತೂರಿಯ ಕಾಲು ವಾಸಿಯಾಗುವವರೆಗೆ ಹಟ್ಟಿ ಗುಡಿಸುವುದು ನನ್ನ ಪಾಲು. ನಿನ್ನೆ ಮೇವಿನ ಮೇಲೆ ಸುಮ್ಮನೆ ಬೆನ್ನು ಚಾಚಿದ್ದೆ. ಕಣ್ಣು ಹತ್ತುವಷ್ಟರಲ್ಲಿ ನೆತ್ತಿಯ ಮೇಲಿನ ಕ್ಯಾಮೆರಾದಿಂದ ಮಾತು ಬಂತು: ‘ಏಳ್ರಿ, ಮೊದಲ ಹಿಕ್ಕಿ ಬಳೀರಿ.’ ಫೈರ್‌ವಾಲ್ ಅಷ್ಟು ನಿಷ್ಠೆಯಿಂದ ಯಾರನ್ನು ಕಾಯುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು.