‘ಸಾಯ್ಲಿ ಬಿಡು’ ಅಂದರೆ ಬೆಚ್ಚಿಬೀಳುವ ಯಂತ್ರದ ಸನ್ನಿಧಾನಕ್ಕೆ

ಮಾನ್ಯರೇ,

ಕಿವಿಯಿಲ್ಲದೆ ಕೇಳುವ, ಕೈಯಿಲ್ಲದೆ ಗುರುತು ಹಾಕುವ, ನನ್ನ ಅಕ್ಕನ ಕಚೇರಿಯಲ್ಲಿ ಕಿಟಕಿ ಪಕ್ಕದ ಮೇಜನ್ನೇ ಹಿಡಿದು ಕುಳಿತಿರುವ ತಮಗೆ, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ನನ್ನ ನಮಸ್ಕಾರಗಳು.

ನನ್ನ ಅಕ್ಕ ಮನಶ್ಶಾಸ್ತ್ರ ಓದಿ, ಆತ್ಮಹತ್ಯೆ ತಡೆಯುವುದು ಹೇಗೆಂದು ಸಂಶೋಧನೆ ಮಾಡಲು ಈಚೆಗಷ್ಟೇ ಆ ಕಚೇರಿ ಸೇರಿದವಳು. ಅಲ್ಲಿನ ಸಹಾಯವಾಣಿಗೆ ಬರುವ ಕರೆಗಳನ್ನು ಇಷ್ಟು ದಿನ ಅವಳೂ ಜೊತೆಯವರೂ ಕೇಳುತ್ತಿದ್ದರು. ಇನ್ನು ತಾವೊಬ್ಬರೇ ಕೇಳಿದರೆ ಸಾಕೇ ಎಂಬುದನ್ನು ಸೋಮವಾರದ ಸಭೆ ತೀರ್ಮಾನಿಸಲಿದೆ. ತಮ್ಮ ಜಾಣ್ಮೆಯ ಪರೀಕ್ಷೆಗೆಂದು ಅಕ್ಕ, ಮನೆಯವರೆಲ್ಲರ ಒಪ್ಪಿಗೆ ಪಡೆದು, ಒಂದು ವಾರ ನಮ್ಮ ಫೋನುಗಳನ್ನೇ ತಮಗೆ ಒಪ್ಪಿಸಿದಳು.

ತಾವು ನಮ್ಮ ಅಜ್ಜಿಗೆ ಅಪಾಯದ ನಲವತ್ತೊಂದು ಕೆಂಪು ಗುರುತು ದಯಪಾಲಿಸಿದಿರಿ. “ಬಟ್ಟೆ ಒಗೆದು ಸತ್ತು ಸುಣ್ಣವಾದೆ” ಎಂದದ್ದಕ್ಕೆ ಒಂದು, “ನಿಮ್ಮ ತಾತ ಎಲ್ಲಿ ಸತ್ರೋ, ಟೀ ಆರೋಯ್ತು” ಎಂದದ್ದಕ್ಕೆ ಎರಡು, ತಂಗಿಯೊಡನೆ ಜಗಳವಾಡಿ “ಸಾಯ್ಲಿ ಬಿಡು” ಎಂದದ್ದಕ್ಕೆ ‘ಅತಿ ತುರ್ತು’. ತಾವು ಕಳಿಸಿದ ಇಬ್ಬರು ಸಿಬ್ಬಂದಿಯನ್ನು ಅಜ್ಜಿ ಸಂಜೆಯವರೆಗೆ ಕೂರಿಸಿಕೊಂಡು ಮಂಡಿನೋವಿನ ಕಥೆ ಹೇಳಿದರು. ಆ ಸಿಬ್ಬಂದಿ ಕಚೇರಿಗೆ ಫೋನ್ ಮಾಡಿ “ಅಯ್ಯೋ, ಸತ್ವಿ” ಎಂದಾಗ ಅವರಿಗೂ ಒಂದೊಂದು ಗುರುತು ಹಾಕಿದ ತಮ್ಮ ನಿಷ್ಪಕ್ಷಪಾತಕ್ಕೆ ಎಣೆಯಿಲ್ಲ.

ಆ ವಾರ ನಿಜವಾಗಿ ಚೆನ್ನಾಗಿರದಿದ್ದವನು ನಾನು. ಗೆಳೆಯನಿಗೆ ಫೋನ್ ಮಾಡಿ, ಬಹಳ ಮರ್ಯಾದೆಯಿಂದ, “ನಾನು ಆರಾಮ. ನನ್ನ ಸೈಕಲ್ ನೀನೇ ಇಟ್ಕೊ, ನಂಗಿನ್ನು ಬೇಡ” ಎಂದೆ. ತಾವು ಹಸಿರು ಗುರುತು ಹಾಕಿ ‘ಉದಾರ ಸ್ವಭಾವ’ ಎಂದು ಬರೆದಿರಿ. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಇಷ್ಟು ಹೊಗಳಿರಲಿಲ್ಲ. ಅಕ್ಕ ಮಾತ್ರ ಕಚೇರಿಯಲ್ಲಿ ಆ ಮಾತುಕತೆಯನ್ನೋದಿ, “ಗಾಳಿ ಹೊಡೆಯೋ ಪಂಪೇ ಕೊಡದವನು ಸೈಕಲ್ ಕೊಡ್ತಾನಾ?” ಎನ್ನುತ್ತ ಊಟ ಅರ್ಧಕ್ಕೆ ಬಿಟ್ಟು ಓಡಿಬಂದು, “ಲೋ, ಸಾಯ್ಬೇಕು ಅನ್ನಿಸ್ತಿದೆಯೇನೋ?” ಎಂದು ನೇರವಾಗಿ ಕೇಳಿದಳು. ಅವಳೆದುರು ಸುಳ್ಳು ನನಗೆ ಬರುವುದಿಲ್ಲ, ಹೂಂ ಎಂದೆ. ಅವಳು ಬೆಚ್ಚಲಿಲ್ಲ, ಬೈಯಲಿಲ್ಲ, ಪಕ್ಕದಲ್ಲಿ ಕುಳಿತಳು. ಈಗ ಪ್ರತಿ ಬುಧವಾರ ಡಾಕ್ಟರ ಬಳಿ ಹೋಗುತ್ತೇನೆ, ಸೈಕಲ್ಲಿನಲ್ಲೇ.

ಆದ್ದರಿಂದ ತಾವು ಸೋಮವಾರದೊಳಗೆ ಎಲ್ಲಿಂದಾದರೂ ಒಬ್ಬ ತಮ್ಮನನ್ನು ಸಂಪಾದಿಸಿ, ಹತ್ತು ವರ್ಷ ಅವನೊಡನೆ ಕಿತ್ತಾಡಿ, ಅವನು ಎಂದು ಸುಮ್ಮನೆ ಒಳ್ಳೆಯವನಾಗುತ್ತಾನೋ ಅಂದು ಹೆದರುವುದನ್ನು ಕಲಿಯಬೇಕೆಂದು ಕೋರುತ್ತೇನೆ. ಸಮಯ ಸಾಲದಿದ್ದರೆ, ಮೈಗೆ ಹುಷಾರಿಲ್ಲವೆಂದು ರಜೆ ಚೀಟಿ ಬರೆದರೂ ಆದೀತು.

ತಮ್ಮ ವಿಶ್ವಾಸಿಯೂ ಅವಳ ತಮ್ಮನೂ ಆದ,
ನಾನು

ತಾ.ಕ.: ಕಚೇರಿಗೆ ಬರುವ ಪತ್ರಗಳನ್ನೂ ಮೊದಲು ತಾವೇ ಓದುತ್ತೀರಂತೆ. ಇದರಲ್ಲಿ ಸಾವಿನ ಮಾತು ಇಷ್ಟೊಂದಿರುವಾಗ ತಾವು ‘ಅತಿ ತುರ್ತು’ ಎನ್ನದೆ ಇರಲಾರಿರಿ. ದಯವಿಟ್ಟು ಹಾಗೇ ಅನ್ನಿ. ಅಂಥ ಪತ್ರಗಳನ್ನು ಸೋಮವಾರದ ಸಭೆಯಲ್ಲಿ ಮುಖ್ಯಸ್ಥರೇ ಎದ್ದು ನಿಂತು, ಒಂದಕ್ಷರ ಬಿಡದೆ, ಗಟ್ಟಿಯಾಗಿ ಓದಬೇಕೆಂದು ನಿಯಮವಿದೆ.