ಅಂಗೈಯಲ್ಲೊಂದು ಬೆಣಚುಕಲ್ಲು

ನಾನು ಬದಲಾಗಬೇಕೆಂದು ತೀರ್ಮಾನಿಸಿದ್ದು ಒಂದು ಸ್ಟೀಲ್ ಕೊಡದ ದೆಸೆಯಿಂದ.

ನಾರಾಯಣಖೇಡದಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಬಂದ ಗಿರಾಕಿಗಳೆಲ್ಲ ಕೊಡವನ್ನು ಬೆರಳಿನಿಂದ ಟಣ್ ಟಣ್ ಎಂದು ಬಡಿದು ನೋಡುತ್ತಾರೆ. ವರ್ಷಗಟ್ಟಲೆ ಸಹಿಸಿದೆ. ಒಂದು ದಿನ ಕಂಗ್ಟಿಯಿಂದ ಬಂದಿದ್ದ ಅಜ್ಜಿಯೊಬ್ಬರು ಹದಿನೇಳನೆಯ ಕೊಡ ಬಡಿದಾಗ ನಾನು ಹಾಕಿದ ಕೂಗಿಗೆ, ಗೋಡೆಗೆ ತೂಗುಹಾಕಿದ್ದ ತಟ್ಟೆಗಳೆಲ್ಲ ತಾವಾಗಿಯೇ ಟಣ್ ಎಂದವು! ಅಜ್ಜಿ ಹೆದರಲಿಲ್ಲ. "ಕೊಡ ಬರಾಬರ್ ಅದ. ಮಾಲಕರ ದನಿನೇ ಒಡದದ," ಎಂದು ಎದ್ದು ಹೋದರು.

ಅದೇ ವಾರ ಕೈಗೊಂದು ಕರಪತ್ರ ಬಂತು. 'ಮನ, ತನು, ಚೇತನ: ಮೂರೇ ದಿನಗಳಲ್ಲಿ ಸಂಪೂರ್ಣ ಪರಿವರ್ತನೆ.' ಜಹೀರಾಬಾದಿನ ಹತ್ತಿರ, ಪಸ್ತಾಪುರದ ಆಚೆ ಒಂದು ಮಾವಿನ ತೋಪಿನಲ್ಲಿ ಶಿಬಿರ. ಹೆಂಡತಿ ಸುವರ್ಣಾಳಿಗೆ ಓದಿ ಹೇಳಿದೆ.

"ಮೂರು ದಿನದಾಗ ಉಪ್ಪಿನಕಾಯಿ ಸೈತ ಹದಕ್ಕ ಬರಂಗಿಲ್ರಿ," ಎಂದಳು.

ಅಜ್ಞಾನಿಗಳೊಂದಿಗೆ ವಾದ ಮಾಡಬಾರದೆಂದು ಕರಪತ್ರದಲ್ಲೇ ಇತ್ತು. ನಾನು ಮಾಡಲಿಲ್ಲ.

ಹೊರಡುವ ಮುನ್ನ, ದೇಹವನ್ನು ಕಟ್ಟಿಹಾಕಿದ ಎಲ್ಲವನ್ನೂ ಬಿಚ್ಚಿಟ್ಟು ಸ್ನಾನ ಮಾಡಿ, ಹತ್ತು ನಿಮಿಷ ಸುಮ್ಮನೆ ಕೂರಬೇಕೆಂಬ ಸೂಚನೆಯೂ ಇತ್ತು. ಶಿರಸಾ ವಹಿಸಿ ಪಾಲಿಸಿದೆ. ಏಳನೆಯ ನಿಮಿಷಕ್ಕೆ ಬಸ್ಸಿನ ನೆನಪಾಯಿತು. ಗಡಿಯಾರ, ಉಂಗುರ ಏರಿಸಿಕೊಂಡು ಓಡಿದೆ.

ಶಿಬಿರ ಒಂದು ಕನಸಿನ ಹಾಗಿತ್ತು. ಮೈಮೇಲಿನ ಒಡವೆ, ವಸ್ತುಗಳನ್ನೆಲ್ಲ ತೆಗೆಸಿ ಹೆಸರು ಬರೆದ ಬಟ್ಟೆಚೀಲಕ್ಕೆ ಹಾಕಿ ಬೇವಿನ ಮರಕ್ಕೆ ತೂಗುಹಾಕಿದರು. ಬೆಳಗಿನ ಮಂಜಿನಲ್ಲಿ ಕಣ್ಣುಮುಚ್ಚಿ ಕೂತರೆ ಮರಗಳು ಮೆಲ್ಲಗೆ ಉಸಿರಾಡುವುದು ಕೇಳಿಸುತ್ತಿತ್ತು. ನಾನೂ ಮೋಡ, ನನ್ನ ಸಿಟ್ಟೂ ಮೋಡ, ಆ ಕಂಗ್ಟಿಯ ಅಜ್ಜಿಯೂ ಒಂದು ಸಣ್ಣ ಮೋಡ. ಊಟವೂ ಮೋಡದಂತೆ ಹಗುರ: ಸಾಮೆ ಅನ್ನ, ಸಜ್ಜೆ ರೊಟ್ಟಿ, ನವಣೆ ಪಾಯಸ. ಪಾಯಸ ಎಷ್ಟು ಹಗುರವೆಂದರೆ ಮೂರು ಬಟ್ಟಲು ಹೋದರೂ ನನಗೆ ಗೊತ್ತಾಗಲಿಲ್ಲ.

ಮುಖ್ಯ ಪಾಠ ಕೊನೆಯ ದಿನ. ಗುರುಗಳು ಒಬ್ಬೊಬ್ಬರಿಗೂ ಒಂದು ಬೆಣಚುಕಲ್ಲು ಕೊಟ್ಟರು. ಎಡ ಅಂಗೈಯಲ್ಲಿ ಇಟ್ಟುಕೊಂಡು, ಎದೆಯ ಮಟ್ಟಕ್ಕೆ ಹಿಡಿದು, ರೆಪ್ಪೆ ಬಡಿಯದೆ ಅದನ್ನೇ ನೋಡಬೇಕು. ಎಂಥ ಹೊಸ ವಿದ್ಯೆ! ರೋಮಾಂಚನವಾಯಿತು. 'ಪೂರ್ಣ ಅರಿವು ಪಡೆದವರು' ಎಂಬ ಪ್ರಮಾಣಪತ್ರವನ್ನೂ ಕೊಟ್ಟರು. ಚೌಕಟ್ಟು ಸಮೇತ!

ಮರುದಿನ ಬೆಳಿಗ್ಗೆ ಮನೆಗೆ ಬಂದೆ. ಸುವರ್ಣಾ ಬಾಗಿಲಿಗೇ ಓಡಿ ಬಂದಳು. ಮುಖ ಬಾಡಿತ್ತು. "ಏನ್ರಿ, ಮೊದಲು ಇಲ್ಲಿ ಕೇಳ್ರಿ, ನಿಮ್ಮ..."

ನಾನು ಬಲಗೈ ಎತ್ತಿದೆ. "ಮೌನ! ನನ್ನ ಪ್ರಜ್ಞೆ ಈಗ ಭಾಳ ಸೂಕ್ಷ್ಮ ಆಗ್ಯದ."

"ಆತು. ಆದ್ರ ಒಂದು ಮಾತು..."

ಮತ್ತೆ ಕೈ ಎತ್ತಿದೆ. ಎದುರಿಗೆ ಕೂರಿಸಿಕೊಂಡು, ಬೆಣಚುಕಲ್ಲನ್ನು ಅವಳ ಎಡ ಅಂಗೈಯಲ್ಲಿಟ್ಟು ದೃಷ್ಟಿ ನೆಡುವ ವಿದ್ಯೆಯನ್ನು ಸವಿಸ್ತಾರವಾಗಿ ಬೋಧಿಸಿದೆ. ಅವಳು ಒಮ್ಮೆ ಕಲ್ಲನ್ನು, ಒಮ್ಮೆ ನನ್ನನ್ನು ನೋಡಿದಳು. ಶಿಷ್ಯೆಗೆ ಬೆರಗಾಗಿದೆ ಎಂದುಕೊಂಡೆ.

"ಜಳಕ, ಪೂಜಾ ಮುಗಿಸಿ ಉಣ್ಣಾಕ ಬರ್ರಿ," ಎಂದಷ್ಟೇ ಹೇಳಿ ಎದ್ದು ಹೋದಳು.

ಪೂಜೆ! ನಾವು ಲಿಂಗ ಕಟ್ಟಿಕೊಂಡ ಮಂದಿ. ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ ಸದಾ ಎದೆಯ ಮೇಲಿರಬೇಕು. ಸ್ನಾನವಾದ ಮೇಲೆ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ತುತ್ತು ಎತ್ತುವಂತಿಲ್ಲ. ಮನೆಯಲ್ಲಿ ನನ್ನದು ಅರ್ಧ ನಿಮಿಷದ ಪೂಜೆ. ಶಿಬಿರದಲ್ಲಿ ಇಡೀ ದಿನ ಧ್ಯಾನವೇ ಇದ್ದುದರಿಂದ ಆ ಅರ್ಧ ನಿಮಿಷಕ್ಕೂ ರಜೆ ಕೊಟ್ಟಿದ್ದೆ. ಸ್ನಾನ ಮುಗಿಸಿ ಎದೆ ಮುಟ್ಟಿಕೊಂಡೆ.

ಎದೆ ಇತ್ತು. ಲಿಂಗವಿರಲಿಲ್ಲ.

ಶಿಬಿರದಿಂದ ತಂದ ಬಟ್ಟೆಚೀಲ ತಲೆಕೆಳಗು ಮಾಡಿದೆ. ಗಡಿಯಾರ ಬಿತ್ತು, ಉಂಗುರ ಬಿತ್ತು, ಮೊಬೈಲ್ ಬಿತ್ತು. ಮತ್ತೇನೂ ಬೀಳಲಿಲ್ಲ. ಶಿಬಿರದಲ್ಲಿ ಬಿಚ್ಚಿಡುವಾಗ ಕಳೆದುಹೋಗಿದೆ! ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಅದು. ನನ್ನ ತಾಯಿ ಅದರ ದಾರವನ್ನು ಎಷ್ಟು ಸಲ ಬದಲಿಸಿ ಕಟ್ಟಿದ್ದಳೋ.

ಒಳಗಿನಿಂದ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯದ ವಾಸನೆ ಬಂತು.

"ಬರ್ರಿ, ಹಾಕೀನಿ."

"ನನಗ ಹಸಿವಿಲ್ಲ," ಎಂದೆ. "ಹಸಿವು ಅನ್ನೋದು ದೇಹದ ಭ್ರಮಾ."

ಸುವರ್ಣಾ "ಹೌದೇನ್ರಿ?" ಎಂದು ರೊಟ್ಟಿ ಬುಟ್ಟಿ ಮುಚ್ಚಿದಳು.

ಸುದ್ದಿ ಗೋಡೆ ಹಾರಿತು. ಪಕ್ಕದ ಮನೆಯ ಶಿವರಾಜ ಕಾಕಾ ಮೊಣಕಾಲು ನೋವು ಸಮೇತ ಬಂದರು. ಗಾಬರಿಗೆ ನಾನು ಬೆವತು ಹೊಳೆಯುತ್ತಿದ್ದೆ.

"ಏನ್ ತೇಜಸ್ಸು! ಊಟನೂ ಬಿಟ್ಟಾನಂತ! ನನ್ನ ಮೊಣಕಾಲ ಮ್ಯಾಲ ಜರಾ ಕೈ ಇಡಪಾ."

ಇಟ್ಟೆ. ಕೈ ನಡುಗುತ್ತಿತ್ತು. "ಕರೆಂಟ್ ಹರದಂಗ ಆತು!" ಎಂದು ಕಾಕಾ ಕಣ್ಣು ಒರೆಸಿಕೊಂಡರು.

ನಿಜ ಹೇಳುತ್ತೇನೆ, ಯಾರೂ ನೋಡದಾಗ ಅಡುಗೆಮನೆಗೆ ಹೋಗಿ ಒಂದು ಚೂರು ರೊಟ್ಟಿ ಮುರಿದೆ. ಬಾಯಿಯ ತನಕ ತಂದೆ. ಆಗಲಿಲ್ಲ. ಅರ್ಧ ನಿಮಿಷದ ಭಕ್ತ ನಾನು, ಆದರೂ ಆ ಚೂರು ಬಾಯೊಳಗೆ ಹೋಗಲಿಲ್ಲ. ಮೆಲ್ಲಗೆ ಬುಟ್ಟಿಯಲ್ಲೇ ಇಟ್ಟೆ.

"ಏಕಾಂತ ಧ್ಯಾನಕ್ಕ ಹೋಗಿ ಬರ್ತೀನಿ," ಎಂದು ಸುಳ್ಳು ಹೇಳಿ ಸ್ಕೂಟರ್ ಹತ್ತಿದೆ. ಖಾಲಿ ಹೊಟ್ಟೆಗೆ ಜಹೀರಾಬಾದಿನ ದಾರಿಯೇ ತೇಲುತ್ತಿತ್ತು. ಎರಡೂ ಕಡೆ ಜೋಳದ ತೆನೆಗಳು ತಲೆದೂಗುತ್ತಿದ್ದವು. ಹೊಲದಂಚಿನ ಹೆಂಗಸರು ನೆಲ ಮುಟ್ಟದೆ ನಡೆದಂತೆ ಕಂಡರು. ಬೆಳಕು ಬೆಲ್ಲದ ಪಾಕದ ಬಣ್ಣಕ್ಕಿತ್ತು. ಶಿಬಿರದಲ್ಲಿ ಹೇಳಿದ ಆನಂದಾವಸ್ಥೆ ಇದೇ ಇರಬೇಕು ಎನಿಸಿತು. ಹೊಟ್ಟೆ ಗುರ್ ಎಂದಿತು. ಅಲ್ಲ, ಇದು ಹಸಿವು.

ತೋಪಿನಲ್ಲಿ ಕಾವಲುಗಾರ ಒಬ್ಬನೇ ಇದ್ದ. ಬೇವಿನ ಮರದ ಕೆಳಗೆ ಮಂಡಿಯೂರಿ ಎಲೆ ಕೆದಕತೊಡಗಿದೆ.

"ಏನ್ ಹುಡುಕಾಕತ್ತೀರಿ ಸಾರ್?"

ಹೇಳಲು ನಾಚಿಕೆಯಾಗಿ, "ನನ್ನನ್ನೇ," ಎಂದೆ.

"ಮೂರು ದಿನ ಅದೇ ಹುಡುಕೀರಲ್ಲ ಸಾರ್, ಇನ್ನೂ ಸಿಕ್ಕಿಲ್ಲೇನ್?"

ಪಾಪ, ಅವನೂ ಜೊತೆಗೆ ಕೆದಕಿದ. ಎರಡು ಗುಂಡಿ, ಒಂದು ಹೇರ್‌ಪಿನ್, ಯಾರದೋ ಅರ್ಧ ಬೀಡಿ ಸಿಕ್ಕವು. ಲಿಂಗ ಸಿಗಲಿಲ್ಲ.

ಸಂಜೆ ಮನೆಗೆ ಬಂದವನೇ ಸುವರ್ಣಾಳ ಮುಂದೆ ಕುಸಿದು ಕೂತೆ. ಪ್ರಜ್ಞೆ, ಚೇತನ, ಮೋಡ, ಎಲ್ಲವೂ ಕಣ್ಣೀರಾಗಿ ಸುರಿದವು.

"ಲಿಂಗ ಕಳಕೊಂಡೀನಿ ಸುವರ್ಣಾ. ಹಸಿವಿಲ್ಲ ಅಂದದ್ದು ಸುಳ್ಳು. ಜೀವ ಹೋಗಾಕತ್ತದ. ಆದ್ರ ತುತ್ತು ಎತ್ತಾಕ ಆಗವಲ್ದು."

ಅವಳು ಎದ್ದು ಗೋಡೆಯಲ್ಲಿನ ದೇವರ ಮಾಡದ ಬಳಿ ಹೋದಳು. ಬಂದು ನನ್ನ ಎಡ ಅಂಗೈ ಬಿಡಿಸಿ ಬೆಳ್ಳಿಯ ಕರಡಿಗೆ ಇಟ್ಟಳು. ಹೊಸ ದಾರ, ಮೇಲೊಂದು ಮಲ್ಲಿಗೆ.

"ನೀವು ಹೋದ ದಿನ ಬಚ್ಚಲ ಗೂಟಕ್ಕ ತೂಗಾಕತ್ತಿತ್ತು. ಉಂಗರ ಮರೀಲಿಲ್ಲ, ಗಡಿಯಾರ ಮರೀಲಿಲ್ಲ. ಶಿಬಿರಕ್ಕ ಫೋನ್ ಮಾಡೀನಿ, ಸಾಹೇಬರು ಮೌನದಾಗ ಇದ್ದಾರ ಅಂದ್ರು. ಇವತ್ತ ಬಾಯಿ ತೆಗದ್ರ ಎರಡು ಸಲ ಕೈ ಎತ್ತೀರಿ. ಆತು, ತಾವೇ ಹುಡುಕಲಿ, ಅರಿವು ಬಂದದಂತಲ್ಲ ಅಂತ ಸುಮ್ಮಕಾದೆ."

ಅಂದರೆ ಅರಿವಿನ ಶಿಬಿರದ ಮೂರು ದಿನವೂ ಎದೆಯ ಮೇಲೆ ಲಿಂಗವಿಲ್ಲ ಎಂಬುದರ ಅರಿವೇ ನನಗಿರಲಿಲ್ಲ! ಅದಕ್ಕೆ ಪ್ರಮಾಣಪತ್ರ. ಚೌಕಟ್ಟು ಸಮೇತ.

ಆ ಸಂಜೆ ಕೈಕಾಲು ತೊಳೆದು ಪೂಜೆಗೆ ಕೂತೆ. ಎಡ ಅಂಗೈ, ಎದೆಯ ಮಟ್ಟ, ನೆಟ್ಟ ನೋಟ. ಸುವರ್ಣಾ ದಿನವೂ ಒಲೆ ಹಚ್ಚುವ ಮೊದಲು ಮೂಲೆಯಲ್ಲಿ ಕೂತು ಮಾಡುವುದು ಇದನ್ನೇ. ಅವಳಿಗೆ ನಾನು ಬೆಣಚುಕಲ್ಲು ಕೊಟ್ಟು ಪಾಠ ಹೇಳಿದ್ದೆ! ಆ ಪೂಜೆಗೆ ಇಪ್ಪತ್ತು ನಿಮಿಷ ಹಿಡಿಯಿತು. ಹದಿನೈದು ನಿಮಿಷ ನಾಚಿಕೆಗೇ ಹೋಯಿತು.

ಆಮೇಲೆ ಇಬ್ಬರೂ ಉಣ್ಣಲು ಕೂತೆವು. ಅವಳು ಆತುರದಿಂದ ರೊಟ್ಟಿ ಮುರಿಯುವುದನ್ನು ಕಂಡು, "ನೀನೂ ಉಂಡಿಲ್ಲೇನು?" ಎಂದೆ.

"ಹೆಂಗ ಉಣ್ಣಲಿ? ನಿಮ್ಮ ಲಿಂಗ ಇಲ್ಲಿ. ಅದಿಲ್ಲದ ನೀವು ಅಲ್ಲಿ ಉಪಾಸ ಇರ್ತೀರಿ ಅಂತ, ನೀವು ಹೋದಾಗಿಂದ ನಾನೂ ಹಾಲು, ಬಾಳೆಹಣ್ಣಿನ ಮ್ಯಾಲೇ ಇದ್ದೀನಿ." ಪುಂಡಿಪಲ್ಯ ಬಡಿಸುತ್ತಾ ಕೇಳಿದಳು, "ಅಂದಂಗ, ಅಲ್ಲಿ ನೀವು ಏನು ಉಂಡ್ರಿ?"

ಮೌನ ಎಂದು ಕೈ ಎತ್ತೋಣವೆಂದರೆ ಬಲಗೈ ರೊಟ್ಟಿಯಲ್ಲಿ, ಎಡಗೈ ಮೊಸರಿನ ಬಟ್ಟಲಲ್ಲಿ.

"ಪಾಯಸ," ಎಂದೆ ನೆಲ ನೋಡುತ್ತಾ.

ಸುವರ್ಣಾ ನಗಲಿಲ್ಲ, ಸಿಟ್ಟಾಗಲಿಲ್ಲ. ಕಂಗ್ಟಿಯ ಅಜ್ಜಿ ಕೊಡ ಬಡಿದಂತೆ ನನ್ನ ತಲೆಯನ್ನು ಬೆರಳಿನಿಂದ ಎರಡು ಸಲ ಬಡಿದಳು. ಕಿವಿಗೊಟ್ಟು ಕೇಳಿದಳು.

"ಎಷ್ಟು ಬಟ್ಟಲು?"